ಕಿಸೆಯಲ್ಲಿದ್ದ ರೋಟರು

ಕಣ್ಣಿಗೆ ಕಾಣದ್ದನ್ನು ನಾನು ಎಂದೂ ನಂಬಿದವನಲ್ಲ. ನಮ್ಮವ್ವ ವರ್ಷಕ್ಕೊಮ್ಮೆ ಯಮನೂರಿಗೆ ಹೋಗಿ ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುತ್ತಿದ್ದಳು. ಅವಳು ತಂದ ಸಕ್ಕರೆ ತಿನ್ನುತ್ತಿದ್ದೆ, ಜೊತೆಗೆ ತಂದ ಕತೆಗಳನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗಾಡಿ ರಿಪೇರಿ ಮಾಡುವವರಿಗೆ ಈ ಗುಣ ತಾನಾಗಿಯೇ ಬರುತ್ತದೆ. ಇಂಜಿನ್ ನಿಂತಿತೆಂದರೆ ಒಂದೋ ಪೆಟ್ರೋಲ್ ಬಂದಿಲ್ಲ, ಇಲ್ಲ ಕಿಡಿ ಬಂದಿಲ್ಲ. ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಹುಡುಕಿದವನ ತಪ್ಪು.

ಎಂಬತ್ತರ ದಶಕದ ನಡುವೆ ಒಂದು ಸಂಜೆ ನಡೆದದ್ದಕ್ಕೆ ಮಾತ್ರ ನನಗೆ ಇವತ್ತಿಗೂ ಕಾರಣ ಸಿಕ್ಕಿಲ್ಲ. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ಸಂಗತಿ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಅದು ಸುಳ್ಳಾಗುತ್ತದೆ.

ಈರಣ್ಣ ಮತ್ತು ನಾನು ಕುಂದಗೋಳದಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಹದಿನೆಂಟರ ವಯಸ್ಸಿನಲ್ಲಿ ಇಬ್ಬರೂ ಕೂಡಿ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದೆವು. ಕೆಲಸ ಹತ್ತಿದ್ದು ನನ್ನ ಕೈಗೆ. ಇಂಜಿನ್ ಸದ್ದು ಕೇಳಿಯೇ ಯಾವ ವಾಲ್ವ್ ಸಡಿಲಾಗಿದೆ ಎಂದು ಹೇಳುತ್ತಿದ್ದೆ. ಈರಣ್ಣನಿಗೆ ಒಂದು ಪ್ಲಗ್ಗನ್ನು ನೆಟ್ಟಗೆ ಕೂಡಿಸಲು ಬರುತ್ತಿರಲಿಲ್ಲ. ಆದರೆ ಕೆಲಸ ಕಲಿಸುತ್ತಿದ್ದ ಉಸ್ತಾದ ಚಹಾ ತರಿಸಿದರೆ ಮೊದಲ ಕಪ್ಪು ಹೋಗುತ್ತಿದ್ದುದು ಅವನಿಗೆ. ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಬಂದು ನಿಂತರೆ ಸಾಕು, ಜನ ಸರಿದು ಜಾಗ ಕೊಡುತ್ತಿದ್ದರು.

ಮುಂದೆ ನಾನು ಕುಂದಗೋಳದಲ್ಲೇ ಇನ್ನೊಬ್ಬರ ವರ್ಕ್‌ಶಾಪಿನಲ್ಲಿ ಕೂಲಿ ಮಿಸ್ತ್ರಿಯಾದೆ. ಈರಣ್ಣ ಎಲ್ಲಿಂದಲೋ ಒಂದು ಹಳೆಯ ಪೆಟ್ರೋಲ್ ವ್ಯಾನು ತಂದ. ತಳ ತುಕ್ಕು ಹಿಡಿದಿತ್ತು. ಎರಡು ತಿಂಗಳು ರವಿವಾರಗಳನ್ನೆಲ್ಲ ಹಾಕಿ ಅದನ್ನು ಎಬ್ಬಿಸಿದವನು ನಾನು. ನೀಲಿ ಬಣ್ಣ ಬಳಿಸಿ, ಮುಂದೆ ಅವರವ್ವನ ಹೆಸರು ಬರೆಸಿ ಅವನು ಯರಗುಪ್ಪಿ, ಕುಂದಗೋಳ, ಹುಬ್ಬಳ್ಳಿ ಅಂತ ಮಂದಿಯನ್ನು ಒಯ್ಯತೊಡಗಿದ. ಬಸ್ಸು ತಪ್ಪಿಸಿಕೊಂಡವರು, ಸಂತೆಗೆ ಹೊರಟವರು, ಬೀಗರ ಊರಿಗೆ ಹೊರಟವರು ಎಲ್ಲರಿಗೂ ಈರಣ್ಣನೇ ಬೇಕು. "ಈರಣ್ಣ ಗಾಡಿ ಅಗದಿ ಚಲೋ ಇಟ್ಟಾನ" ಎಂದು ಅವರು ನನ್ನೆದುರಿಗೇ ಹೇಳುತ್ತಿದ್ದರು. ಇಟ್ಟವನು ನಾನು.

ಒಂದು ಸಲ ನಮ್ಮವ್ವನೂ ಅವನ ವ್ಯಾನಿನಲ್ಲಿ ಯಮನೂರಿಗೆ ಹೋಗಿಬಂದಳು. ಅವನು ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು, ಬೆಣ್ಣಿಹಳ್ಳ ಬಂದಾಗ ಗಾಡಿ ನಿಲ್ಲಿಸಿ ನೀರು ಕುಡಿಸಿ ಕರೆತಂದಿದ್ದ. ವಾರಗಟ್ಟಲೆ ಮನೆಯಲ್ಲಿ ಅದೇ ಮಾತು. ನಾನು ರೊಟ್ಟಿ ಮುರಿಯುತ್ತ ಕೇಳುತ್ತಿದ್ದೆ.

ಕಡಲೆ ಕೀಳುವ ಕಾಲ ಅದು. ಮಧ್ಯಾಹ್ನ ಯರಗುಪ್ಪಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ವರ್ಕ್‌ಶಾಪಿನ ಮುಂದೆ ತಲೆ ಹೊರಹಾಕಿ, ಈರಣ್ಣನ ಗಾಡಿ ದಾರಿಯಲ್ಲಿ ನಿಂತಿದೆ, ಬರಹೇಳಿದ್ದಾನೆ ಎಂದು ಹೇಳಿಹೋದ. ರಿಪೇರಿ ಹತ್ಯಾರದ ಚೀಲ ತೆಗೆದುಕೊಂಡು ಮುಂದಿನ ಬಸ್ಸಿಗೆ ಹೊರಟೆ. ನಾನು ಅಲ್ಲಿಗೆ ಮುಟ್ಟಿದಾಗ ನಾಲ್ಕು ಗಂಟೆ ಮೀರಿತ್ತು. ಎರಡೂ ಕಡೆ ಎರೆಹೊಲ, ನಡುವೆ ರಸ್ತೆ, ರಸ್ತೆಯ ಬದಿಯಲ್ಲಿ ನೀಲಿ ವ್ಯಾನು. ಪ್ಯಾಸೆಂಜರುಗಳು ಬೇರೆ ಗಾಡಿ ಹಿಡಿದು ಹೋಗಿದ್ದರು. ಈರಣ್ಣ ಬೇವಿನ ಗಿಡದ ನೆರಳಿಗೆ ಕೂತಿದ್ದ. ಹೊಲದ ಹೆಣ್ಣುಮಕ್ಕಳು ಅವನಿಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟಿದ್ದರಂತೆ. ಅರ್ಧ ನನಗೆಂದು ಅರಿವೆಯಲ್ಲಿ ಸುತ್ತಿ ಇಟ್ಟಿದ್ದ. ದಾರಿಯಲ್ಲಿ ಕೆಟ್ಟು ನಿಂತರೂ ಇವನಿಗೆ ಊಟ ತಾನಾಗಿ ಬರುತ್ತದಲ್ಲ ಎನಿಸಿತು. ಹಸಿವಿಲ್ಲ ಎಂದು ಕೆಲಸಕ್ಕೆ ಕೂತೆ.

ಆ ವ್ಯಾನಿನ ಇಂಜಿನ್ ಮುಂದಿನ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗಿತ್ತು. ಹತ್ತು ನಿಮಿಷದಲ್ಲಿ ದೋಷ ಸಿಕ್ಕಿತು. ಪೆಟ್ರೋಲಿನಲ್ಲಿ ಬಂದ ಕಸ ಕಾರ್ಬೊರೇಟರಿನ ಸಣ್ಣ ತೂತಿಗೆ ಸಿಕ್ಕಿಕೊಂಡಿತ್ತು. ಬಿಚ್ಚಿ, ಊದಿ, ಮತ್ತೆ ಕೂಡಿಸಿದೆ. ಚಾವಿ ತಿರುವಿದರೆ ಗಾಡಿ ಹೊರಡುತ್ತಿತ್ತು.

ಅಷ್ಟರಲ್ಲಿ ಈರಣ್ಣ ಗಿಡದ ಕೆಳಗಿನಿಂದಲೇ ಮಾತು ತೆಗೆದ. ನವಲಗುಂದದ ಕಡೆ ಇನ್ನೊಂದು ವ್ಯಾನು ಮಾರಾಟಕ್ಕಿದೆಯಂತೆ, ಮಾತು ಮುಗಿಸಿ ಬಂದಿದ್ದಾನಂತೆ.

"ಎರಡನೇದಕ್ಕ ಡ್ರೈವರ್ ಬೇಕು ದೋಸ್ತ. ಬ್ಯಾರೆಯವರ ಕೈಯಾಗ ಕೊಡಾಕ ಮನಸ್ಸಿಲ್ಲ. ನೀ ಬಂದು ನಡಸ್ತಿಯೇನು?"

ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಅದು ನನಗೆ ಆಗಲೂ ಗೊತ್ತಿತ್ತು. ನನಗೆ ಕೇಳಿಸಿದ್ದು ಮಾತ್ರ ಬೇರೆ. ಇಷ್ಟು ವರ್ಷ ಇವನ ಗಾಡಿಯನ್ನು ಬದುಕಿಸಿದವನು ನಾನು. ಇನ್ನು ಇವನ ಕೈಕೆಳಗೆ ಡ್ರೈವರನೂ ಆಗಬೇಕು. ನೋಡೂಣು ಎಂದೆ. ಎನ್ನುತ್ತಲೇ ನನ್ನ ಕೈ ಡಿಸ್ಟ್ರಿಬ್ಯೂಟರಿನ ಕ್ಲಿಪ್ಪುಗಳನ್ನು ಬಿಚ್ಚಿತು. ಅದರ ಮುಚ್ಚಳ ಎತ್ತಿ, ಒಳಗಿನ ರೋಟರನ್ನು ಕಿತ್ತು, ಪ್ಯಾಂಟಿನ ಕಿಸೆಗೆ ಹಾಕಿಕೊಂಡು, ಮುಚ್ಚಳವನ್ನು ಮೊದಲಿನಂತೆ ಕೂಡಿಸಿದೆ.

ರೋಟರೆಂದರೆ ಹೆಬ್ಬೆರಳಿನ ಗಾತ್ರದ ಒಂದು ಕರಿಯ ತುಂಡು, ತುದಿಗೆ ಹಿತ್ತಾಳೆಯ ಪಟ್ಟಿ. ಪ್ಲಗ್ಗುಗಳಿಗೆ ಸರದಿಯ ಮೇಲೆ ಕಿಡಿ ಹಂಚುವುದು ಅದೇ. ಅದಿಲ್ಲದಿದ್ದರೆ ಒಂದು ಪ್ಲಗ್ಗಿಗೂ ಕಿಡಿ ಹೋಗುವುದಿಲ್ಲ, ಇಂಜಿನ್ ಬರೀ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮಿಸ್ತ್ರಿಯಾಗಿ ಇದಕ್ಕಿಂತ ಖಾತ್ರಿಯ ಮಾತು ನನಗೆ ಬೇರೆ ಗೊತ್ತಿಲ್ಲ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, ಇಂಜಿನ್ ಒಳಗೇ ಹೋಗಿದೆ, ಎಳೆದುಕೊಂಡು ಹೋಗಿ ಪೂರಾ ಬಿಚ್ಚಬೇಕು, ಆದರೂ ಭರವಸೆ ಇಲ್ಲ ಎಂದು ಹೇಳಿದೆ. ಎರಡನೆಯ ವ್ಯಾನಿನ ಮಾತು ಅಲ್ಲಿಗೇ ಮುರಿಯಲಿ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಈರಣ್ಣ ಗಾಡಿಯ ಆಚೆಯ ಬಾಗಿಲ ಹತ್ತಿರ ನಿಂತಿದ್ದ. ಅವನು ಅಲ್ಲಿಗೆ ಯಾವಾಗ ಬಂದನೋ ನಾನು ಗಮನಿಸಿರಲಿಲ್ಲ. "ಆತು ಬಿಡು" ಎಂದ. ಅವನ ಮುಖ ಸಣ್ಣದಾದದ್ದು ನೋಡಿ ನನಗೆ ಹಾಯೆನಿಸಿತು. ಇದನ್ನೂ ಹೇಳಬೇಕು.

ಟ್ರ್ಯಾಕ್ಟರ್ ಯಾವುದಾದರೂ ಬಂದೀತೆಂದು ಕಾಯುತ್ತ ನಿಂತಿದ್ದಾಗ ಕಡಲೆ ಹೊಲದಿಂದ ಕೂಗು ಕೇಳಿಸಿತು. ನಾಲ್ಕೈದು ಮಂದಿ ಒಬ್ಬ ಹೆಂಗಸನ್ನು ಕಂಬಳಿಯಲ್ಲಿ ಹೊತ್ತು ಬದುವಿನ ಮೇಲೆ ಓಡಿ ಬರುತ್ತಿದ್ದರು. ಅವಳು ಫಕೀರವ್ವ, ಕೂಲಿಗೆ ಬಂದವಳು, ಮಧ್ಯಾಹ್ನ ಈರಣ್ಣನಿಗೆ ರೊಟ್ಟಿ ಕೊಟ್ಟವರಲ್ಲಿ ಒಬ್ಬಳಂತೆ. ಕಡಲೆ ಕೀಳುವಾಗ ಗಿಡದ ಬುಡದಲ್ಲಿದ್ದ ಹಾವು ಕೈಗೆ ಕಡಿದಿತ್ತು. ಅವಳ ಗಂಡ ಹನಮಪ್ಪ ತೋಳಿಗೆ ಅರಿವೆ ಬಿಗಿದಿದ್ದ. ಕೈ ಆಗಲೇ ಬಾತುಕೊಂಡಿತ್ತು, ರೆಪ್ಪೆಗಳು ಇಳಿದಿದ್ದವು.

"ಈರಣ್ಣಾ, ದವಾಖಾನಿಗೆ ಒಯ್ಯೋಣು ನಡಿಯಪ್ಪಾ" ಎಂದ ಹನಮಪ್ಪ. ಗಾಡಿ ಕೆಟ್ಟಿದ್ದು ಅವನಿಗೂ ಗೊತ್ತಿತ್ತು. ಆದರೂ ಬೇರೆ ಏನೂ ಹೇಳಲಿಲ್ಲ. ಮಂದಿ ಅವಳನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಯೇಬಿಟ್ಟರು.

ನನ್ನ ಕೈ ಕಿಸೆಯಲ್ಲಿತ್ತು. ಬೆರಳುಗಳ ನಡುವೆ ರೋಟರು ಇತ್ತು. ತಡೀರಿ, ಇನ್ನೊಮ್ಮೆ ನೋಡುತ್ತೇನೆ ಎಂದು ಹೇಳಿ ಒಳಗೆ ಬಾಗಿದ್ದರೆ ಮುಗಿಯುತ್ತಿತ್ತು, ಅರ್ಧ ನಿಮಿಷದ ಕೆಲಸ. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಈಗ ಮುಚ್ಚಳ ತೆಗೆದರೆ ನಾನು ಮಾಡಿದ್ದು ತಿಳಿದುಬಿಡುತ್ತದೆ ಎಂದು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಬ್ಬ ಹೆಂಗಸು ಎದುರಿಗೆ ಸಾಯುತ್ತಿರುವಾಗ ನಾನು ನನ್ನ ಮಾನದ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಈರಣ್ಣ ಸೀಟಿಗೆ ಹತ್ತಿ ಚಾವಿ ತಿರುವಿದ.

ಇಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು.

ಕೆಮ್ಮಲಿಲ್ಲ, ಜಗ್ಗಲಿಲ್ಲ. ದಿನಾ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಿತು. "ಹತ್ತಲೇ, ಏನ್ ನೋಡಾಕ ಹತ್ತೀದಿ" ಎಂದು ಈರಣ್ಣ ಅಂದಾಗ ನಾನು ಹತ್ತಿ ಅವನ ಬಾಜುವಿನಲ್ಲಿ ಕೂತೆ. ಇಂಜಿನ್ನಿನ ಮುಚ್ಚಳ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅದರ ನಡುಕ ಕಾಲಿಗೆ ತಿಳಿಯುತ್ತಿತ್ತು. ದಾರಿಯಲ್ಲಿ ರೋಟರನ್ನು ಕಿಸೆಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿದೆ. ಅದೇ. ಹಿತ್ತಾಳೆ ಪಟ್ಟಿಯ ಮೇಲೆ ನಾನೇ ಹಿಂದೊಮ್ಮೆ ಉಪ್ಪುಕಾಗದದಿಂದ ಉಜ್ಜಿದ ಗೆರೆಗಳಿದ್ದವು. ಮತ್ತೆ ಕಿಸೆಗೆ ಹಾಕಿದೆ. ಹಿಂದೆ ಹನಮಪ್ಪ ಹೆಂಡತಿಯ ಕೆನ್ನೆ ತಟ್ಟುತ್ತ, ನಿದ್ದಿ ಮಾಡಬ್ಯಾಡ, ಮಾತಾಡು ಎಂದು ಒಂದೇ ಸಮನೆ ಹೇಳುತ್ತಿದ್ದ. ನನಗೆ ಹೆದರಿಕೆಯಾಗಿತ್ತು. ಗಾಡಿ ಓಡುತ್ತಿರುವುದಕ್ಕೂ ಹೆದರಿಕೆ, ನಿಂತೀತೆಂದೂ ಹೆದರಿಕೆ.

ಅರ್ಧ ತಾಸಿನಲ್ಲಿ ಕುಂದಗೋಳದ ದವಾಖಾನೆ ಮುಟ್ಟಿದೆವು. ಅಂಗಳದಲ್ಲಿ ಈರಣ್ಣ ಇಂಜಿನ್ ಬಂದ್ ಮಾಡಿ ಫಕೀರವ್ವನನ್ನು ಎತ್ತಿಕೊಂಡು ಹನಮಪ್ಪನ ಜೊತೆ ಒಳಗೆ ಓಡಿದ. ನಾನು ಒಬ್ಬನೇ ಉಳಿದೆ. ಇಂಜಿನ್ನಿನ ಮುಚ್ಚಳ ಎತ್ತಿ ಡಿಸ್ಟ್ರಿಬ್ಯೂಟರಿನ ಕ್ಲಿಪ್ಪು ಬಿಚ್ಚಿ ನೋಡಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ, ಬೆಳಕು ಬೇಕಾದಷ್ಟಿತ್ತು. ಒಳಗೆ ರೋಟರು ಇರಲಿಲ್ಲ. ಅದು ಕೂಡುವ ಕಡ್ಡಿ ಬೋಳಾಗಿ ನಿಂತಿತ್ತು. ಚಾವಿ ತಿರುವಿದೆ. ಇಂಜಿನ್ ಬರೀ ತಿರುಗಿತು. ಮತ್ತೆ ತಿರುವಿದೆ, ಮತ್ತೆ ಹಾಗೆಯೇ. ಆಮೇಲೆ ಕಿಸೆಯಲ್ಲಿದ್ದ ರೋಟರನ್ನು ಅದರ ಜಾಗಕ್ಕೆ ಕೂಡಿಸಿ ತಿರುವಿದೆ. ಕೂಡಲೇ ಚಾಲೂ ಆಯಿತು. ಬಂದ್ ಮಾಡಿ, ಅಲ್ಲೇ ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಫಕೀರವ್ವ ಉಳಿದಳು. ಎಂಟು ದಿನ ದವಾಖಾನೆಯಲ್ಲಿದ್ದಳು. ಎರಡು ಬೆರಳು ಮುಂದೆಯೂ ಸರಿಯಾಗಿ ಮಡಿಚಲು ಬರಲಿಲ್ಲ. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಂದರಂತೆ. ಮರುವರ್ಷ ಅವಳು ಹಸಿಗಡಲೆಯ ಒಂದು ದೊಡ್ಡ ಹೊರೆ ಕಟ್ಟಿ ಈರಣ್ಣನ ಮನೆಗೆ ಕೊಟ್ಟುಹೋದಳು. ಅವನು ಅದರಲ್ಲಿ ಅರ್ಧ ನಮ್ಮ ಮನೆಗೆ ತಂದ. ನಮ್ಮವ್ವ ಮತ್ತೆ ಅವನನ್ನೇ ಹೊಗಳಿದಳು. ನಂಬುತ್ತೀರೋ ಇಲ್ಲವೋ, ಇಷ್ಟೆಲ್ಲ ಆದಮೇಲೂ ನನಗೆ ಹೊಟ್ಟೆ ಉರಿಯಿತು.

ಎರಡನೆಯ ವ್ಯಾನನ್ನು ಅವನು ತೆಗೆದುಕೊಂಡ. ನಾನು ನಡೆಸಲು ಹೋಗಲಿಲ್ಲ. ಕೆಟ್ಟಾಗ ರಿಪೇರಿ ಮಾಡಿಕೊಟ್ಟೆ. ನಡುನಡುವೆ, ಅವನಿಲ್ಲದಾಗ, ನೀಲಿ ವ್ಯಾನಿನ ರೋಟರು ತೆಗೆದಿಟ್ಟು ಚಾವಿ ತಿರುವಿ ನೋಡುತ್ತಿದ್ದೆ. ಬ್ಯಾಟರಿ ಸಣ್ಣಗಾಗುವ ತನಕ ತಿರುವಿದ್ದುಂಟು. ಒಂದು ಸಲವೂ ಹೊತ್ತಿಕೊಳ್ಳಲಿಲ್ಲ. ಹುಬ್ಬಳ್ಳಿಯ ಉಸ್ತಾದರನ್ನು, ಬೇರೆ ಯಾರದೋ ಕತೆ ಎಂಬಂತೆ, ಕೇಳಿದೆ. ಹಂಗ ಹೇಳಿದವ ಕುಡಿದಿರಬೇಕು ಎಂದು ಅವರು ನಕ್ಕುಬಿಟ್ಟರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಐದಾರು ವರ್ಷಗಳ ಮೇಲೆ ನೀಲಿ ವ್ಯಾನು ತೀರ ಹಳತಾಗಿ, ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಬಳಸಲು ಬರುವ ಸಾಮಾನು ಬಿಚ್ಚಿಕೊಳ್ಳಲು ನಾನು ಮತ್ತು ಈರಣ್ಣ ಇಬ್ಬರೇ ಅವನ ಹಿತ್ತಲಲ್ಲಿ ಕೂತಿದ್ದೆವು. ಡಿಸ್ಟ್ರಿಬ್ಯೂಟರ್ ಕೈಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಆ ದಿನ ನಾನು ಮಾಡಿದ್ದನ್ನು ಮೊದಲಿನಿಂದ ಹೇಳಿದೆ. ತಲೆ ಎತ್ತದೆ ಹೇಳಿದೆ.

ಅವನು ನಟ್ಟು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ನೀ ಕಿಸೇದಾಗ ಹಾಕ್ಕೊಂಡಿದ್ದು ನೋಡಿದ್ದೆ" ಎಂದ. "ಬಾಗಲ ಹತ್ರ ನಿಂತಿದ್ದೆನಲ್ಲ."

ಇಷ್ಟು ವರ್ಷ ಅವನು ಅದು ಗೊತ್ತಿದ್ದೂ ಗಾಡಿ ಕೆಟ್ಟಾಗಲೆಲ್ಲ ನನ್ನನ್ನೇ ಕರೆಸಿದ್ದ. ಕೇಳಿದೆ: "ನೋಡಿದ ಮ್ಯಾಲ ಚಾವಿ ಯಾಕ ತಿರುವಿದಿ?"

"ಫಕೀರವ್ವನ ಮಾರಿ ನೋಡಿದ ಮ್ಯಾಲ, ನಾವು ಆಕೀನ್ನ ಹಿಂದ ಮಲಗಸೂ ಹೊತ್ತಿಗೆ, ನೀ ತಿರುಗಿ ಹಾಕಿರ್ತಿ ಅಂತ ತಿರುವಿದೆ."

"ನಾ ಹಾಕಿರಲಿಲ್ಲ ಈರಣ್ಣ."

ಆಗ ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ನನಗೇ ನೆನಪು ತಪ್ಪಿದೆ ಎಂಬಂತೆ ನೋಡಿದ.

"ಹಾಕೀದಿ" ಎಂದ. "ಇಲ್ಲಂದ್ರ ಗಾಡಿ ಹ್ಯಾಂಗ ಹೊಂಟಿತ್ತು?"

ದವಾಖಾನೆಯ ಅಂಗಳದಲ್ಲಿ ನೋಡಿದ್ದನ್ನೂ ಹೇಳಿದೆ. ಅವನು ಪೂರ್ತಿ ಕೇಳಿದ, ಆಮೇಲೆ ಚಹಾ ತರಲು ಒಳಗೆ ಎದ್ದುಹೋದ. ಅವನ ಮಟ್ಟಿಗೆ ಮಾತು ಮುಗಿದಿತ್ತು.

ಅವನು ಹೇಳಿದ್ದೇ ನಿಜವಿರಬಹುದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಗಡಿಬಿಡಿಯಲ್ಲಿ ನನಗೇ ತಿಳಿಯದಂತೆ ಕೂಡಿಸಿರಬಹುದೇ? ಹಾಗಾದರೆ ದಾರಿಯಲ್ಲಿ ಅಂಗೈಯಲ್ಲಿಟ್ಟು ನೋಡಿದ್ದು ಏನು? ನಾನು ಅಷ್ಟು ಒಳ್ಳೆಯವನಾಗಿದ್ದೆ ಎಂದು ಒಪ್ಪಿಕೊಳ್ಳುವುದು ಸುಲಭ, ಎಲ್ಲಕ್ಕೂ ಒಂದು ಕಾರಣವೂ ಸಿಕ್ಕಂತಾಗುತ್ತದೆ. ಆದರೆ ನನ್ನ ಕೈ ಏನು ಮಾಡಿತ್ತು, ಏನು ಮಾಡಿರಲಿಲ್ಲ ಎಂಬುದು ನನಗೆ ಗೊತ್ತು.

ಈಗ ಇಬ್ಬರಿಗೂ ವಯಸ್ಸಾಗಿದೆ. ಆ ಸಂಜೆಯ ಮಾತು ಬಂದರೆ ಈರಣ್ಣ ಇವತ್ತಿಗೂ ಮಂದಿಯ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಫಕೀರವ್ವನ ಜೀವ ಉಳಿಸಿದವನು ಇವನೇ ಎನ್ನುತ್ತಾನೆ. ಜನ ನನ್ನತ್ತ ತಿರುಗಿ ನೋಡುತ್ತಾರೆ. ನಾನು ಅವನ ಮುಖ ನೋಡುತ್ತೇನೆ. ಅವನು ಅದನ್ನು ಪೂರ್ತಿಯಾಗಿ ನಂಬಿಯೇ ಹೇಳುತ್ತಿರುತ್ತಾನೆ.