ಊರಿಗಾಂ ಮುತ್ಯಾಲಮ್ಮನ ಹವಳದ ಹುಲಿಯುಗುರು

ಬೆಳಗಿನ ಐದೂವರೆ. ಊರಿಗಾಂನಲ್ಲಿ ಚಿನ್ನದ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಯೊಂದರ ಹೊಸ್ತಿಲ ಬಳಿ ಕೂತಿರುವ ಮುತ್ಯಾಲಮ್ಮನ ಎರಡೂ ಕೈ ನೀರಿನ ಬೇಸಿನ್ನಿನೊಳಗಿವೆ. ನೀರಿನಡಿಯಲ್ಲೇ ಅರ ಆಡುತ್ತಿದೆ. ಹವಳದ ತುಂಡೊಂದು ಮೆಲ್ಲಗೆ ಹುಲಿಯುಗುರಿನ ಬಾಗು ಪಡೆಯುತ್ತಿದೆ.

“ನಮ್ಮಪ್ಪ ಚಾಂಪಿಯನ್ ರೀಫ್ಸ್ ಗಣಿಯಾಗೆ ಕಲ್ಲಿನ ಧೂಳು ಕುಡ್ದೇ ಸತ್ತ. ಅದ್ಕೇ ನಾನು ಧೂಳು ಏಳಾಕೇ ಬಿಡಲ್ಲ,” ಅನ್ನುತ್ತಾರೆ, ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತ ನನಗೆ.

ಅರವತ್ನಾಲ್ಕು ವಯಸ್ಸು. ನಲವತ್ತು ವರ್ಷದಿಂದ ಇದೇ ಕೆಲಸ. ಕೂಸುಗಳ ಕೊರಳಿಗೆ ಕಟ್ಟುವ ಇಂಥ ತಾಯಿತ ದಿನಕ್ಕೆ ಎರಡು, ಕಣ್ಣು ಮಂಜಾದ ದಿನ ಒಂದೇ. ಹವಳ ಅಸಲಿಯೇ ಎಂದು ನೋಡಲು ಪಕ್ಕದಲ್ಲೊಂದು ನಿಂಬೆಹೋಳು. ಅಸಲಿಯಾದರೆ ರಸ ಬಿದ್ದಲ್ಲಿ ಸಣ್ಣಗೆ ನೊರೆಯೆದ್ದು ಬಿಳಿಚುತ್ತದೆ. ಕೊಳ್ಳುವ ತಾಯಂದಿರಿಗೆ ಅದು ಗೊತ್ತಿಲ್ಲ. ಕೂಸಿಗೆ ಕೇಡು ಬಂದರೆ ಹವಳ ತಾನಾಗಿ ಬಿಳಿಚುತ್ತದೆ ಎಂಬುದು ಅವರ ನಂಬಿಕೆ.

ಆರು ಗಂಟೆಗೆ ಕ್ಯಾಸಂಬಳ್ಳಿಯ ಸಹನ ಗಂಡನ ಬೈಕಿನಿಂದ ಇಳಿಯುತ್ತಾಳೆ. ಹೆಗಲ ಮೇಲೆ ಎಂಟು ತಿಂಗಳ ಮಗು. ತಾಯಿತದ ದಾರ ಸವೆದಿದೆ, ಬದಲಾಯಿಸಬೇಕಂತೆ.

“ಏನೇ, ಕೂಸು ಇಷ್ಟು ಸಪ್ಪಗೈತೆ?”

“ಮೂರು ದಿನದಿಂದ ಜ್ವರ ಅಜ್ಜಿ. ನಿನ್ನೆಯಿಂದ ಹಾಲೂ ಮುಟ್ಟಿಲ್ಲ. ಹವಳ ಕೆಂಪಗೇ ಐತಲ್ಲ, ಅದ್ಕೇ ಆಸ್ಪತ್ರೆಗೆ ಓಗಿಲ್ಲ.”

ಹಣೆ ಮುಟ್ಟಿದ ಮುತ್ಯಾಲಮ್ಮ ಕೈ ಸುಟ್ಟವರಂತೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. “ಅಯ್ಯೋ, ಕೆಂಡ ಆಗೈತಲ್ಲೇ! ನಡೀ ಆಸ್ಪತ್ರೆಗೆ!”

“ಕಟ್ಟುವಾಗ ನೀನೇ ಏಳಿದ್ದಲ್ವಾ? ಕೆಂಪಗಿರೋ ಗಂಟ ಭಯ ಇಲ್ಲ ಅಂತ?”

ಮುತ್ಯಾಲಮ್ಮನ ಕಣ್ಣು ನಿಂಬೆಹೋಳಿನತ್ತ ಹೋಗುತ್ತದೆ. ಆಮೇಲೆ, “ಕೊಡಿಲ್ಲಿ, ದಾರ ಆಕ್ತೀನಿ,” ಎಂದು ತಾಯಿತ ತೆಗೆದುಕೊಂಡು ಅತ್ತ ತಿರುಗಿ ಕೂರುತ್ತಾರೆ. ನಾನು ಕೂತ ಕಡೆಗೆ ಕಾಣುತ್ತದೆ: ಅವರು ಅದನ್ನು ನಿಂಬೆಹೋಳಿಗೆ ಒತ್ತಿ ಹಿಡಿದಿದ್ದಾರೆ. ಬೆರಳ ಸಂದಿಯಲ್ಲಿ ನೊರೆ.

“ನೋಡೇ. ಬಿಳಿಚೋಯ್ತು.”

ಸಹನಳ ಕಿರುಚಾಟಕ್ಕೆ ಇಡೀ ಲೈನಿನ ಬಾಗಿಲುಗಳು ತೆರೆಯುತ್ತವೆ. ಅಷ್ಟರಲ್ಲಿ ಬೈಕು ಆಸ್ಪತ್ರೆ ಕಡೆಯ ತಿರುವು ದಾಟಿದೆ.

ಮುತ್ಯಾಲಮ್ಮ ಅರವನ್ನು ಮತ್ತೆ ಬೇಸಿನ್ನಿಗೆ ಇಳಿಸುತ್ತಾರೆ, ಉಜ್ಜುವುದಿಲ್ಲ. “ನಲವತ್ತು ವರ್ಷ. ಎಷ್ಟು ಜನಕ್ಕೆ ಅಂಗೇ ಏಳಿ ಕಳ್ಸಿದೀನೋ ಕಣಮ್ಮ. ಅವರೆಲ್ಲ ಏನಾದ್ರೋ.”

ಮಧ್ಯಾಹ್ನ ಫೋನು ಬರುತ್ತದೆ. ಮಗುವಿಗೆ ಡ್ರಿಪ್ ಹಾಕಿದ್ದಾರೆ, ಕಣ್ಣು ಬಿಟ್ಟಿದೆ. ಹೊಸ ಹವಳ ಮಾಡಿಕೊಡಬೇಕೆಂದು ಸಹನ ಕೇಳುತ್ತಾಳೆ.

“ಮಾಡ್ತೀನಿ. ಆದ್ರೆ ಇನ್ಮೇಲೆ ಹವಳ ನೋಡ್ಬೇಡ, ಹಣೆ ಮುಟ್ಟಿ ನೋಡು,” ಎಂದು ಫೋನಿಟ್ಟು ಮುತ್ಯಾಲಮ್ಮ ನನ್ನ ನೋಟ್‌ಬುಕ್ಕಿನತ್ತ ಬೆರಳು ತೋರುತ್ತಾರೆ.

“ನಿಂಬೆಹಣ್ಣಿನ ವಿಷ್ಯಾನೂ ಬರ್ಕೋ ತಾಯಿ. ಯಾಪಾರ ಓದ್ರೆ ಓಗ್ಲಿ.”