ಬಕೆಟ್ಟಿಗೆ ಬಾರದ ನದಿ

ಸಿಡ್ನಿಗೆ ಬಂದ ಹೊಸದು. ಸ್ಕಿಲ್ಡ್ ವೀಸಾ, ವೆಸ್ಟ್‌ಮೀಡ್ ಸ್ಟೇಷನ್ ಹತ್ರ ರೆಂಟಿಗೆ ಒಂದು ಫ್ಲ್ಯಾಟು, ನಾನು, ಹೆಂಡತಿ, ಐದು ವರ್ಷದ ಮಗಳು. ಎದುರು ಬಾಗಿಲಲ್ಲಿ ಇರಾಕಿನಿಂದ ಬಂದ ವಯಸ್ಸಾದವರೊಬ್ರು. ಒಂಟಿ. ಅಲ್ಲಿ ಹೈಸ್ಕೂಲಲ್ಲಿ ಹಿಸ್ಟರಿ ಮೇಷ್ಟ್ರಾಗಿದ್ರಂತೆ. ನಾನು ಅಂಕಲ್ ಅಂತಿದ್ದೆ, ಅವರು ನನ್ನನ್ನ ಇಂಜಿನಿಯರ್ ಅಂತಿದ್ರು. ಇಬ್ರದ್ದೂ ಹರಕು ಮುರುಕು ಇಂಗ್ಲಿಷು.

ಟಿವಿಯಲ್ಲಿ ಬಾಗ್ದಾದ್ ಉರೀತಿದ್ದ ಕಾಲ. ಅವರು ಟಿವಿ ನೋಡ್ತಿರಲಿಲ್ಲ. ಬಿಲ್ಡಿಂಗ್ ಹಿಂದೆ ಬಟ್ಟೆ ಒಣಹಾಕ್ತಾ ನನಗೆ ಪಾಠ ಮಾಡ್ತಿದ್ರು.

"ನಮ್ಮಲ್ಲಿ ಮಳೆ ನಂಬಿದ್ರೆ ಸಾಯ್ತೀಯ. ಅದಕ್ಕೇ ಕಾಲುವೆ. ಕಾಲುವೆ ತೋಡೋಕೆ ಸಾವಿರ ಜನ ಬೇಕು, ಸುಮ್ನೆ ಕರೆದ್ರೆ ಯಾರು ಬರ್ತಾರೆ? ಅದಕ್ಕೇ ದೇವಸ್ಥಾನ. ಬೆಳೆ ಬಂದ್ಮೇಲೆ ಗುಡ್ಡದಿಂದ ಸೈನ್ಯ. ಗೆದ್ದವನು ಊರ ದೇವರ ಮೂರ್ತಿ ಹೊತ್ಕೊಂಡು ಹೋಗ್ತಾನೆ. ಕಾಲುವೆ ಮಾತ್ರ ಹೂಳೆತ್ತಿಸ್ತಾನೆ, ಅವನಿಗೂ ಊಟ ಬೇಕಲ್ಲ."

"ನದಿ ದಿಕ್ಕು ಬದಲಾಯಿಸಿದ್ರೆ?"

"ಮುಗೀತು. ರಾಜ ಇದ್ದಲ್ಲೇ ಮರಳು."

ಅವರನ್ನ ನಾನು ಮುಸ್ಲಿಂ ಅಂದ್ಕೊಂಡಿದ್ದೆ. ಅಲ್ಲ. ಹರಿಯೋ ನದಿಯಲ್ಲಿ ಮುಳುಗಿ ಏಳೋ ಒಂದು ಹಳೇ, ಸಣ್ಣ ಮತ ಅವರದ್ದು. ಎಷ್ಟೋ ರಾಜರು ಬಂದು ಹೋದ್ರೂ ನದಿ ದಡ ಬಿಡದೆ ಉಳಿದ ಜನ.

ಅವರಿಗೆ ಹಾರ್ಟ್ ಆಪರೇಷನ್ ಅಂತ ಒಂದು ಬುಧವಾರಕ್ಕೆ ನಿಗದಿಯಾಯ್ತು. ಅದಕ್ಕೆ ಮುಂಚಿನ ಭಾನುವಾರ ಅವರ ಪುರೋಹಿತರು ಪೆನ್ರಿತ್ ಹತ್ರ ನದಿಗೆ ಬರೋರಿದ್ರು. "ಒಂದ್ಸಲ ನೀರಿಗಿಳಿದು ಬಂದ್ರೆ ಆಮೇಲೆ ಡಾಕ್ಟರ್ ಏನಾದ್ರೂ ಮಾಡ್ಕೊಳ್ಳಿ. ಕರ್ಕೊಂಡು ಹೋಗ್ತೀಯಾ?" ಕಾರಲ್ಲಿ ಅರ್ಧ ಗಂಟೆ ದಾರಿ. ಹೂಂ ಅಂದೆ.

ಶನಿವಾರ ನಮ್ಮ ಕನ್ನಡದವರ ಗುಂಪಲ್ಲಿ ಒಬ್ಬನಿಗೆ ಪಿಆರ್ ಬಂತು, ಇನ್ನು ಇಲ್ಲೇ ಖಾಯಂ ಇರಬಹುದು. ಆ ಖುಷಿಗೆ ಭಾನುವಾರ ಪೆಂಡಲ್ ಹಿಲ್‌ನಲ್ಲಿ ಊಟ. ನಾನು ಬೆಳಿಗ್ಗೆ ಅಂಕಲ್ ಬಾಗಿಲು ತಟ್ಟಿದೆ. ಅವರು ಬಿಳೀ ಬಟ್ಟೆ ಮಡಚಿ ಚೀಲಕ್ಕೆ ಹಾಕಿ, ಶೂ ಹಾಕ್ಕೊಂಡು ಕೂತಿದ್ರು. ಆಗಲ್ಲ ಅಂದೆ. ಅಷ್ಟಕ್ಕೆ ಸುಮ್ನಾಗಿದ್ರೆ ಸಾಕಿತ್ತು. ಉಪದೇಶ ಬೇರೆ ಕೊಟ್ಟೆ.

"ಅಂಕಲ್, ನಾವು ಬಕೆಟ್ ನೀರಿಗೇ ಗಂಗೆ, ಕಾವೇರಿ ಅಂತ ಎಲ್ಲಾ ನದಿ ಹೆಸರು ಹೇಳಿ ಕರೀತೀವಿ. ಬರುತ್ತೆ. ನೀವೂ ಬಾತ್‌ರೂಮಲ್ಲಿ ಹಾಗೇ ಮಾಡಿ."

ನಿಜವಾಗ್ಲೂ ನಂಬಿ ಹೇಳಿದ್ದು. ಸಹಾಯ ಮಾಡ್ತಿದೀನಿ ಅಂದ್ಕೊಂಡಿದ್ದೆ.

ಅವರು ನಕ್ಕರು. "ನಿಮ್ಮ ನದಿಗಳು ಒಳ್ಳೇವು ಇಂಜಿನಿಯರ್, ಕರೆದ್ರೆ ಬರ್ತವೆ. ನಮ್ಮದು ಬರಲ್ಲ. ನಾವೇ ಹೋಗ್ಬೇಕು."

ನಾನು ಊಟಕ್ಕೆ ಹೋದೆ. ಎರಡು ಸಲ ಪಾಯಸ ಹಾಕಿಸ್ಕೊಂಡೆ, ಅದೂ ನೆನಪಿದೆ.

ಸಂಜೆ ಮೆಟ್ಟಿಲಲ್ಲಿ ಸಿಕ್ಕರು. ಒಬ್ರೇ ಟ್ರೇನಲ್ಲಿ ಹೋಗಿ, ಸ್ಟೇಷನ್‌ನಿಂದ ನಡ್ಕೊಂಡು, ಅಲ್ಲಲ್ಲಿ ಕೂತ್ಕೊಂಡು ದಡ ಮುಟ್ಟೋ ಹೊತ್ತಿಗೆ ಪುರೋಹಿತರು ಹೊರಟುಹೋಗಿದ್ರಂತೆ. ಚೀಲದಲ್ಲಿದ್ದ ಬಟ್ಟೆ ಮಡಿಕೆ ಮುರಿದಿರಲಿಲ್ಲ.

"ನದಿ ಇತ್ತು, ಜನ ಇರಲಿಲ್ಲ. ನಮ್ಮ ಹಿಸ್ಟರಿಯಲ್ಲಿ ಯಾವಾಗ್ಲೂ ಇದರ ಉಲ್ಟಾ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಆಪರೇಷನ್ ಆಯ್ತು, ಬದುಕಿ ಬಂದ್ರು. ಅಷ್ಟರಲ್ಲಿ ನನಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತ್ತು, ಮನೆ ತುಂಬ ರಟ್ಟಿನ ಡಬ್ಬ. ಅಂಕಲ್ ಗೋಡೆ ಹಿಡ್ಕೊಂಡು ನಿಧಾನಕ್ಕೆ ನಮ್ಮ ಬಾಗಿಲಿಗೆ ಬಂದು, "ನೀನು ಹೋಗೋಕೆ ಮುಂಚೆ ಒಂದು ಭಾನುವಾರ ಬಿಡುವಿದ್ರೆ ಹೇಳು" ಅಂದ್ರು.

ನೋಡೋಣ ಅಂಕಲ್ ಅಂದೆ. ನಮ್ಮ ಜನ ನೋಡೋಣ ಅಂದ್ರೆ ಏನರ್ಥ ಅಂತ ನಿಮಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ನಾನು ಹೊರಡೋಕೆ ಮುಂಚೆ ಮೂರು ಭಾನುವಾರ ಇದ್ವು.

ಐದಾರು ವರ್ಷ ಆದ್ಮೇಲೆ, ಗ್ಲೆನ್ ವೇವರ್ಲಿಯ ಮನೆಯಲ್ಲಿ, ಮಗಳಿಗೆ ಹೋಮ್‌ವರ್ಕ್: ಮರುಭೂಮಿಯಲ್ಲಿ ಅಷ್ಟು ದೊಡ್ಡ ಹಳೇ ಊರುಗಳು ಹೇಗೆ ಹುಟ್ಟಿದ್ವು, ಹೇಗೆ ಹಾಳಾದ್ವು. ನಾನು ಕಾಲುವೆ, ದೇವಸ್ಥಾನ, ಸೈನ್ಯ, ಹೊತ್ಕೊಂಡು ಹೋದ ಮೂರ್ತಿ ಎಲ್ಲಾ ಗಡಗಡ ಹೇಳಿದೆ. ಅವಳು ಬರ್ಕೊಂಡಳು.

"ಅಪ್ಪ, ಹೂ ಟಾಟ್ ಯೂ ದಿಸ್?"

ಹೇಳಿದೆ. ಪಾಯಸವೊಂದು ಬಿಟ್ಟು ಎಲ್ಲಾ ಹೇಳಿದೆ.

"ಸೋ ಯೂ ಟುಕ್ ಹಿಮ್ ಲೇಟರ್, ರೈಟ್?"

ನಾನು ಮತ್ತೆ ಕಾಲುವೆ ವಿಷಯಕ್ಕೆ ಹೋದೆ. ಅವಳು ಬರೀಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡ್ತಾ ಕೂತಳು.

ಇಲ್ಲ ಪುಟ್ಟಿ ಅಂದೆ.