ಹಕ್ಕಿಯ ಪಾಲಿನ ಏಸಿ ನೀರು

ಪರಿಸರ ಸಪ್ತಾಹ ಅಂತ ಯಾರಾದರೂ ಬಾಯಿ ತೆರೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅಬುಧಾಬಿಯ ಇಂಡಿಯನ್ ಸ್ಕೂಲೊಂದರಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಪರಿಸರ ಪಾಠ ಹೇಳುತ್ತಿದ್ದವಳು ನಾನೇ. ಹಾಗಾಗಿ ಆ ಉರಿಯಲ್ಲಿ ಅರ್ಧ ನನ್ನ ಮೇಲಿನದ್ದು.

ಏಪ್ರಿಲ್ ಕೊನೆಯಲ್ಲಿ ಮಕ್ಕಳನ್ನು ಸ್ಕೂಲಿನ ಹಿಂದಿದ್ದ ಜಲ್ಲಿಕಲ್ಲಿನ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. "ಇಲ್ಲಿ ನೇಚರ್ ಎಲ್ಲುಂಟು ಮ್ಯಾಮ್?" ಅಂತ ಒಬ್ಬ ನಕ್ಕ. ಅವನ ಬೂಟಿನಿಂದ ಎರಡಡಿ ದೂರದಲ್ಲೇ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳಿದ್ದವು, ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದಲ್ಲಿ. ತಾಯಿಹಕ್ಕಿ ತಲೆಯ ಮೇಲೆ ಸುತ್ತುತ್ತ ಬೊಬ್ಬೆ ಹಾಕಿದ್ದಕ್ಕೆ ನಮಗೆ ಗೊತ್ತಾಯಿತು. ಅಂದಿನಿಂದ ಇಪ್ಪತ್ತೆಂಟು ಮಕ್ಕಳೂ ಕಾವಲಿಗೆ ನಿಂತರು. ಗೂಡಿನ ಸುತ್ತ ದೊಡ್ಡ ಕಲ್ಲುಗಳನ್ನಿಟ್ಟರು, ದೊಡ್ಡ ಕ್ಲಾಸಿನವರ ಫುಟ್‌ಬಾಲನ್ನು ಆಚೆ ಓಡಿಸಿದರು. ಪಾಳಿ ಹಾಕಿಕೊಂಡು, ಕಂಡದ್ದನ್ನೆಲ್ಲ ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟರು. ಮರಿ ಮೊದಲು ಯಾರಿಗೆ ಕಾಣಬೇಕು ಅಂತ ಜಗಳವೂ ಆಯಿತು.

ಮೇ ತಿಂಗಳಲ್ಲಿ ಸಪ್ತಾಹ ಬಂತು. ಪ್ಲಾಸ್ಟಿಕ್ ಬಿಡಿ, ನೀರು ಉಳಿಸಿ ಅಂತ ಬರೆದ ಪ್ಲಾಸ್ಟಿಕ್ ಬ್ಯಾನರುಗಳನ್ನು ಗೇಟಿನಿಂದ ಕ್ಯಾಂಟೀನ್‌ವರೆಗೆ ಕಟ್ಟಿದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಬೇರೆ ಸ್ಕೂಲುಗಳ ಜೊತೆ ಸ್ಪರ್ಧೆ ಇದೆ, ತೀರ್ಪುಗಾರರು ಬರುತ್ತಾರೆ, ಏನಾದರೂ ಹೊಸದು ಮಾಡಿ ಅಂತ ಸೂಪರ್‌ವೈಸರ್ ನನ್ನ ಬೆನ್ನು ಹತ್ತಿದರು. ಬ್ಯಾನರ್ ನೋಡಿ ನಗಾಡಿದವಳೇ ಬಹುಮಾನದ ಆಸೆಗೆ ಬಿದ್ದೆ. ಪ್ರೈಮರಿ ಬ್ಲಾಕಿನ ಏಸಿಗಳಿಂದ ತೊಟ್ಟಿಕ್ಕಿದ ನೀರು ಹಿಂದಿನ ಗೋಡೆಯ ಬುಡದಲ್ಲಿ ಸಣ್ಣ ಹೊಂಡವಾಗಿ ನಿಂತಿರುತ್ತಿತ್ತು. ಅದನ್ನು ಪೈಪಿನಲ್ಲಿ ಡ್ರಮ್ಮಿಗೆ ತುಂಬಿಸಿ ಬೇವಿನ ಸಸಿಗಳಿಗೆ ಹಾಕುವುದು ನನ್ನ ಯೋಜನೆ. ಸ್ಕೂಲಿನ ಪ್ಲಂಬರ್, ನಾವೆಲ್ಲ ಕಾಕ ಅಂತ ಕರೆಯುತ್ತಿದ್ದ ಉಳ್ಳಾಲದ ಹಿರಿಯರು, ಒಂದೇ ದಿನದಲ್ಲಿ ಪೈಪ್ ಜೋಡಿಸಿಕೊಟ್ಟರು. ಹೊಂಡ ಒಣಗಿತು. ಸೂಪರ್‌ವೈಸರ್ ಡ್ರಮ್ಮಿನ ಫೋಟೋ ಹೊಡೆದುಕೊಂಡರು.

ಪೈಪ್ ಹಾಕಿದ ಮೂರನೇ ದಿನ ನನ್ನ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಬಾಟಲಿಯ ನೀರನ್ನು ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿದ್ದಾಗ ಸೂಪರ್‌ವೈಸರ್ ಕೈಗೆ ಸಿಕ್ಕಿಬಿದ್ದಳು. ಕಿಟಕಿ ಪಕ್ಕದ ಬೆಂಚಿನವಳು, ಮಾತು ಕಡಿಮೆ. ತೋಳು ಹಿಡಿದು ಕ್ಲಾಸಿಗೆ ಎಳೆದು ತಂದ ಸೂಪರ್‌ವೈಸರ್, "ಇದೇನಾ ನೀವು ಕಲಿಸಿದ್ದು?" ಅಂತ ಎಲ್ಲರ ಎದುರು ನನ್ನನ್ನು ಕೇಳಿದರು. ಮುಖ ಸುಟ್ಟ ಹಾಗಾಯಿತು. ಕೋಪದ ಕೈಗೆ ಬುದ್ಧಿ ಕೊಟ್ಟೆ.

"ಮ್ಯಾಮ್, ದಟ್ ಬರ್ಡ್..." ಅಂತ ಹುಡುಗಿ ಶುರು ಮಾಡಿದಳು.

"ಬಾಯಿ ಮುಚ್ಚು! ಇನ್ನು ಮುಂದೆ ನೀರು ಪೋಲು ಮಾಡುವುದಿಲ್ಲ ಅಂತ ಐವತ್ತು ಸಲ ಬರೆದು ತಾ."

ಸ್ಕೂಲು ಬಿಡುವುದರೊಳಗೆ ಬರೆದು ತಂದಳು. ಒಂದು ಸಾಲೂ ಕಮ್ಮಿ ಇರಲಿಲ್ಲ.

ಮರುದಿನ ಕಾಕ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. "ಟೀಚರೇ, ಆ ಹಕ್ಕಿ ಹೊಂಡ ಇದ್ದ ಜಾಗದಲ್ಲಿ ಬಾಯಿ ಬಿಟ್ಕೊಂಡು ನಿಂತುಂಟು. ಮುಂಚೆ ಅಲ್ಲಿ ಹೊಟ್ಟೆ ಒದ್ದೆ ಮಾಡಿ ಹೋಗಿ ಮೊಟ್ಟೆ ಮೇಲೆ ಕೂತ್ಕೊಳ್ತಿತ್ತು, ತಂಪಾಗ್ಲಿಕ್ಕೆ. ನಿನ್ನೆ ಆ ಸಣ್ಣ ಹುಡುಗಿ ನೀರು ಹೊಯ್ದದ್ದು ಅದಕ್ಕೇ ಅಲ್ವಾ?"

ಮಕ್ಕಳ ನೋಟ್ ಬುಕ್ ತೆರೆದು ನೋಡಿದೆ. ಅವಳ ಪಾಳಿಯ ಪುಟದಲ್ಲಿ ಪೆನ್ಸಿಲಿನಲ್ಲಿ ಅದೇ ಇತ್ತು: ಹಕ್ಕಿ ಹೊಂಡಕ್ಕೆ ಹೋಗುತ್ತದೆ, ಹೊಟ್ಟೆ ಒದ್ದೆ ಮಾಡುತ್ತದೆ, ಮೊಟ್ಟೆಯ ಮೇಲೆ ಕೂರುತ್ತದೆ. ಅದರ ಕೆಳಗೆ ನನ್ನದೇ ಕೆಂಪು ಟಿಕ್. ಓದದೆ ಹಾಕಿದ್ದ ಟಿಕ್. ಪರಿಸರ ಟೀಚರಂತೆ, ಪರಿಸರ ಟೀಚರ್!

ಮಧ್ಯಾಹ್ನದ ಬಿಸಿಲಲ್ಲಿ ಓಡಿದೆ. ಹಕ್ಕಿ ರೆಕ್ಕೆ ಅರ್ಧ ಬಿಚ್ಚಿ ಮೊಟ್ಟೆಗಳಿಗೆ ನೆರಳು ಹಿಡಿದು ಏದುಸಿರು ಬಿಡುತ್ತಿತ್ತು. ಪೈಪನ್ನು ಕಿತ್ತು ಬಿಸಾಡಿದೆ. ಕಾಕ ಡ್ರಮ್ಮನ್ನೇ ಹೊಂಡಕ್ಕೆ ಮಗುಚಿದರು.

ತೀರ್ಪುಗಾರರು ಬಂದಾಗ ಡ್ರಮ್ ಖಾಲಿ. ಸೂಪರ್‌ವೈಸರ್ ಹಲ್ಲು ಕಚ್ಚಿಕೊಂಡು ಕಾರಣ ಕೇಳಿದರು. "ಆ ನೀರಿಗೆ ನಮಗಿಂತ ಮೊದಲೇ ವಾರಸುದಾರರಿದ್ದರು. ನಾವು ಕದ್ದು ಡ್ರಮ್ಮಿಗೆ ತುಂಬಿದ್ದು" ಅಂತ ತೀರ್ಪುಗಾರರೆಲ್ಲ ಕೇಳುವ ಹಾಗೆ ಕಿರುಚಿದೆ. ಬಹುಮಾನ ಬೇರೆ ಸ್ಕೂಲಿಗೆ ಹೋಯಿತು. ರಜೆ ಶುರುವಾಗುವವರೆಗೆ ಸೂಪರ್‌ವೈಸರ್ ನನ್ನ ಜೊತೆ ಮಾತಾಡಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ಹುಡುಗಿಯ ಹತ್ತಿರ ಕ್ಲಾಸಿನ ಎದುರೇ ತಪ್ಪಾಯಿತು ಅಂದೆ. "ಇಟ್ಸ್ ಓಕೆ ಮ್ಯಾಮ್" ಅಂದಳು. ಅದು ಹೇಗೆ ಓಕೆ ಆಗುತ್ತದೆ?

ಕೆಲವು ದಿನಗಳಲ್ಲಿ ಎರಡು ಮರಿಗಳು ಹೊರಬಂದು, ಅಂದೇ ಅಮ್ಮನ ಹಿಂದೆ ಓಡಾಡಿದವು. ಇನ್ನೆರಡು ಮೊಟ್ಟೆಗಳು ಹಾಗೇ ಉಳಿದವು. ಆ ಎರಡು ಯಾಕೆ ಒಡೆಯಲಿಲ್ಲ ಅಂತ ಮಕ್ಕಳೆಲ್ಲ ಕೇಳಿದರು. ಬಿಸಿಲು ಜಾಸ್ತಿ ಅಂದೆ. ನಾಲ್ಕು ದಿನ ಪೈಪ್ ಇತ್ತು ಅನ್ನಲು ಬಾಯಿ ಬರಲಿಲ್ಲ.

ಆ ಹುಡುಗಿ ಮಾತ್ರ ಬಾಟಲಿ ಹಿಡಿದು ಆ ಮೊಟ್ಟೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಮುಚ್ಚಳ ತಿರುಗಿಸಿ, ನೀರು ಹಾಕುವ ಮೊದಲು ನನ್ನ ಮುಖ ನೋಡಿದಳು.

"ಮೇ ಐ, ಮ್ಯಾಮ್?"